ಅಂಬಿಕಾ ಒಬ್ಬಳೇ ಹಾಡಿದ್ದು

ಅಂಬಿಕಾಳ ದನಿ ಚಿಕ್ಕಂದಿನಿಂದಲೂ ದಪ್ಪ. ಶಾಲೆಯಲ್ಲಿ ಪ್ರಾರ್ಥನೆ ಹೇಳುವಾಗ ಮೇಷ್ಟ್ರು ಗಂಡುಹುಡುಗರ ಸಾಲಿನ ಕಡೆ ನೋಡಿ, "ಯಾರೋ ಅದು ಗೊಗ್ಗರು ದನಿಯಲ್ಲಿ ಕೂಗೋನು?" ಎಂದು ಗದರಿದರೆ, ಹುಡುಗಿಯರೆಲ್ಲ ಅವಳತ್ತ ತಿರುಗಿ ಕಿಸಕ್ಕನೆ ನಗುತ್ತಿದ್ದರು. ಆಮೇಲೆ ಅವಳು ದನಿ ನುಂಗಿಕೊಂಡು ತುಟಿ ಮಾತ್ರ ಆಡಿಸುವುದನ್ನು ಕಲಿತಳು.

ಅಪ್ಪ ಜಟ್ಟಪ್ಪ, ಅವ್ವ ಗುಡ್ಡಮ್ಮ ಇಬ್ಬರೂ ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ ಕೂಲಿಗಿದ್ದವರು. ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ತೋಟದ ಲೈನು ಮನೆಯಲ್ಲೇ ಮಕ್ಕಳು ಬೆಳೆದರು. ಅಣ್ಣ ಅರುಣನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುವ ಚಟ. ಡಬ್ಬ, ಬಕೆಟ್ಟು, ಬಾಗಿಲು, ಯಾವುದೂ ಇಲ್ಲದಿದ್ದರೆ ತಂಗಿಯ ಬೆನ್ನು. ಮಳೆಗಾಲ ಬಂತೆಂದರೆ ಅವನ ಕಿವಿ ಸೋರುತ್ತಿತ್ತು. ಗುಡ್ಡಮ್ಮ ಬೆಳ್ಳುಳ್ಳಿ ಎಣ್ಣೆ ಕಾಸಿ ಬಿಟ್ಟು, ಹತ್ತಿ ಇಟ್ಟು, "ಇವತ್ತು ಹೊರಗೆ ಹೋಗ್ಬೇಡ" ಎಂದು ಮಲಗಿಸುತ್ತಿದ್ದಳು. ಮಲಗಿದಲ್ಲಿಯೂ ಅವನ ಬೆರಳು ಗೋಡೆ ಬಡಿಯುತ್ತಲೇ ಇರುತ್ತಿತ್ತು.

ಒಂದು ಸಲ ತೋಟದ ಸಾಹುಕಾರರ ಮನೆಗೆ ಹೊರದೇಶದಿಂದ ಬಂದಿದ್ದ ನೆಂಟರು ಜೀಪಿನಲ್ಲಿ ಒಂದು ಕ್ಯಾಸೆಟ್ಟು ಮರೆತು ಹೋದರು. ಜೀಪಿನ ಡ್ರೈವರು ಅದನ್ನು ಹಾಕಿ ಕೇಳಿ, ತಲೆಬುಡ ಅರ್ಥವಾಗದೆ ಅರುಣನಿಗೆ ಕೊಟ್ಟ. ಚೀಟಿ ಹರಿದುಹೋಗಿದ್ದರಿಂದ ಹಾಡಿದವರು ಯಾರೆಂದು ತಿಳಿಯುವಂತಿರಲಿಲ್ಲ. ಹಾಡುಗಳು ಇಂಗ್ಲಿಷಿನವು. ಒಂದು ಗಂಡು ದನಿ, ಒಂದು ಹೆಣ್ಣು ದನಿ. ಆ ಹೆಣ್ಣಿನ ದನಿ ಅಂಬಿಕಾಳದರಂತೆಯೇ ದಪ್ಪ. ಆ ಹಾಡುಗಾರ್ತಿ ಅದನ್ನು ಮುಚ್ಚಿಡದೆ, ಗಂಟಲು ಹರಿದರೂ ಹರಿಯಲಿ ಎಂಬಂತೆ ಹಾಡುತ್ತಿದ್ದಳು. ಹಿಂದೆ ಒಂದು ಗಿಟಾರು ತಂತಿ ಮೀಟಿ, ಅದು ಪೂರ್ತಿ ಮಿಡಿಯುವ ಮೊದಲೇ ಅದರ ಬಾಯಿ ಮುಚ್ಚಿಬಿಡುತ್ತಿತ್ತು. ಮುಚ್ಚಿದ ಜಾಗದಲ್ಲಿ ಡ್ರಮ್ಮು ಬಂದು ಬೀಳುತ್ತಿತ್ತು. ಗುಡ್ಡಮ್ಮ ಒಲೆಯ ಮುಂದಿನಿಂದಲೇ, "ಇವ್ಳು ಅಳ್ತಿದಾಳಾ, ಕುಣೀತಿದಾಳಾ ಮಾರಾಯ?" ಎಂದು ಕೇಳಿದಳು.

"ಎರಡೂ ಅವ್ವ" ಎಂದ ಅರುಣ.

ಸಾಹುಕಾರರ ಮಗನ ಕತ್ತು ಮುರಿದ ಗಿಟಾರೊಂದು ಗೋಡೌನಿನಲ್ಲಿ ಬಿದ್ದಿತ್ತು. ತೋಟದ ಬಡಗಿ ಮಾರಪ್ಪನ ಕೈಕಾಲು ಹಿಡಿದು ಅರುಣ ಅದಕ್ಕೆ ಪಟ್ಟಿ ಬಡಿಸಿ ತಂಗಿಗೆ ತಂದುಕೊಟ್ಟ. ಕ್ಯಾಸೆಟ್ಟು ಹಿಂದೆ ಮುಂದೆ ಓಡಿಸಿ ಓಡಿಸಿ ಇಬ್ಬರೂ ಕಲಿತರು. ಅವಳು ಎಲ್ಲಿ ತಂತಿ ತಡೆದು ನಿಲ್ಲಿಸುತ್ತಾಳೋ ಸರಿಯಾಗಿ ಅಲ್ಲಿಗೆ ಅವನ ಪೆಟ್ಟು ಬೀಳುತ್ತಿತ್ತು. ಒಬ್ಬರನ್ನೊಬ್ಬರು ನೋಡುವ ಅಗತ್ಯವೇ ಇರಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂತು ಬಾರಿಸುತ್ತಿದ್ದರು.

ಕೊಪ್ಪದಲ್ಲಿ ಮಲ್ಲೇಶಪ್ಪನೆಂಬವನು ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದ. ಸ್ವತಃ ಕೀಬೋರ್ಡು ನುಡಿಸುತ್ತಿದ್ದ, ಮೈಕು ಸ್ಪೀಕರು ಬಾಡಿಗೆಗೂ ಕೊಡುತ್ತಿದ್ದ, ಒಳ್ಳೆಯ ಮನುಷ್ಯ. ಮೊದಲು ಅರುಣ ಅಲ್ಲಿಗೆ ಡ್ರಮ್ಸಿಗೆ ಸೇರಿದ, ಹಿಂದೆಯೇ ತಂಗಿಯನ್ನೂ ಸೇರಿಸಿದ. ಹೆಂಗಸು ಗಿಟಾರು ನುಡಿಸುತ್ತಾಳೆಂದರೆ ನೋಡಲಿಕ್ಕಾದರೂ ಜನ ಬರುತ್ತಿದ್ದರು. ಆದರೆ ಹಾಡಲು ಅವಳಿಗೆ ಸಿಗುತ್ತಿದ್ದುದು ಕಡಿಮೆ. ಸಿನಿಮಾದ ಹಾಡನ್ನು ಸಿನಿಮಾದಲ್ಲಿದ್ದಂತೆಯೇ ಹಾಡಬೇಕು, ತೆಳ್ಳಗಿನ ದನಿಯಲ್ಲಿ. ಅದಕ್ಕೆ ಬೇರೆ ಹುಡುಗಿಯರಿದ್ದರು. ಅಂಬಿಕಾಳ ಪಾಲಿಗೆ ಕೋರಸ್ಸು, ಇಲ್ಲವೇ ಜನ ನಗುವಂಥ ಒಂದು ಹಾಡು.

ಲೈನು ಮನೆಯಲ್ಲಿ ಕೂತು ಅವಳು ತನ್ನವೇ ಹಾಡುಗಳನ್ನು ಕಟ್ಟಿಕೊಂಡಿದ್ದಳು. ಕಾಫಿ ಹಣ್ಣು ಕುಯ್ದು ಸಂಜೆ ಲೆಕ್ಕ ಬರೆಯುವ ರೈಟರ ಮುಂದೆ ತೂಕಕ್ಕೆ ನಿಲ್ಲುವ ಹೆಂಗಸಿನದು ಒಂದು:

ಬುಟ್ಟಿ ತೂಗು ರೈಟ್ರೇ, ಬುಟ್ಟಿ ತೂಗು,
ಬುಟ್ಟಿ ಹೊತ್ತೋಳ ತೂಗಬೇಡ.

ಒಮ್ಮೆ ಜಯಪುರದ ಕಾರ್ಯಕ್ರಮದಲ್ಲಿ ಮುಖ್ಯ ಗಾಯಕ ತಡವಾಗಿ ಬಂದ. ಜನರನ್ನು ಹಿಡಿದಿಡಲು ಮಲ್ಲೇಶಪ್ಪ ಅವಳನ್ನು ಮುಂದಕ್ಕೆ ತಳ್ಳಿದ. ಅವಳು ಬುಟ್ಟಿ ಹಾಡು ಹಾಡಿದಳು. ಮುಂದಿನ ಕುರ್ಚಿಗಳಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಹಿಂದೆ ನಿಂತಿದ್ದ ತೋಟದ ಹೆಂಗಸರು ಮಾತ್ರ ಮಾತು ನಿಲ್ಲಿಸಿದರು. ಹಾಡು ಮುಗಿದ ಮೇಲೆ ಒಬ್ಬಾಕೆ ಸ್ಟೇಜಿನ ಹತ್ತಿರ ಬಂದು ಅವಳ ಪಾದ ಮುಟ್ಟಿ ಹೋದಳು.

ಅವತ್ತಿನಿಂದ ಅಂಬಿಕಾಳಿಗೆ ಆರ್ಕೆಸ್ಟ್ರಾದಲ್ಲಿ ಉಸಿರು ಕಟ್ಟತೊಡಗಿತು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅವಳು ಅಣ್ಣನನ್ನು ಕೂರಿಸಿಕೊಂಡು, "ನಾವಿಬ್ರೇ ಹೋಗೋಣ ಅಣ್ಣ. ಗಿಟಾರು, ಡ್ರಮ್ಮು. ನಮ್ಮ ಹಾಡೇ ಹಾಡೋಣ" ಎಂದಳು.

ಅರುಣ ತಲೆ ತಗ್ಗಿಸಿ ಡ್ರಮ್ಮಿನ ಕೋಲು ಒರೆಸುತ್ತಿದ್ದ. ಅವಳು ಮತ್ತೆ ಹೇಳಬೇಕಾಯಿತು.

"ನಾ ಬರಲ್ಲ" ಎಂದ.

"ಯಾಕೆ?"

"ನಿನ್ನ ಒಂದು ಗಿಟಾರು ಕಟ್ಟಿಕೊಂಡು ನಾನು ಎಂತ ಬಾರಿಸ್ಲಿ? ನಂಗೆ ಹೆಂಡತಿ ಮಗು ಇದೆ. ಹೋಗೋದಿದ್ರೆ ನೀನು ಹೋಗು."

ಅವನು ಹಾಗೆ ಮಾತಾಡಿದವನೇ ಅಲ್ಲ. ಅವಳು ಬೈಯಲೂ ಇಲ್ಲ, ಅಳಲೂ ಇಲ್ಲ. ಮಲ್ಲೇಶಪ್ಪನಿಗೆ ಹೇಳಿಬಂದಳು. ಅವನು ಹಳೆಯದೊಂದು ಚಿಕ್ಕ ಸ್ಪೀಕರನ್ನು ಅವಳ ಕೈಗಿಟ್ಟು, "ತಗಂಡೋಗು. ಆಗ್ಲಿಲ್ಲ ಅಂದ್ರೆ ವಾಪಸ್ ಬಾ, ನಾಚಿಕೆ ಮಾಡ್ಕೋಬೇಡ" ಎಂದ. ಶೃಂಗೇರಿಯಲ್ಲಿ ಬಟ್ಟೆ ಹೊಲಿಯುವ ಸೀತಕ್ಕನ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಹಗಲು ರವಿಕೆಗಳಿಗೆ ಹುಕ್ಕು ಹಾಕುವುದು, ಕರೆದಲ್ಲಿಗೆ ಹೋಗಿ ಹಾಡುವುದು. ಮದುವೆಯ ಮಾತೆತ್ತಿದವರಿಗೆಲ್ಲ ಅವಳು ಆಮೇಲೆ ನೋಡೋಣ ಎಂದಳು. ಕ್ರಮೇಣ ಅವರೂ ಎತ್ತುವುದನ್ನು ಬಿಟ್ಟರು.

ಒಬ್ಬಳೇ ಹಾಡುವುದೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ತಂತಿ ತಡೆದು ನಿಲ್ಲಿಸಿದ ಜಾಗದಲ್ಲಿ ಈಗ ಯಾವ ಪೆಟ್ಟೂ ಬೀಳುತ್ತಿರಲಿಲ್ಲ. ಮೊದಮೊದಲು ಆ ಖಾಲಿಗೆ ಹೆದರಿ ಅವಳು ಎಲ್ಲೂ ನಿಲ್ಲಿಸದೆ ಹಾಡಿಕೊಂಡು ಹೋದಳು. ಬರಬರುತ್ತ ಕಾಲಿನಿಂದ ಸ್ಟೇಜಿನ ಹಲಗೆ ಒದ್ದು ತುಂಬಿಸುವುದನ್ನು ಕಲಿತಳು. ಕೆಲವು ಕಡೆ ಜನ "ಸಿನಿಮಾ ಹಾಡು ಹಾಕಮ್ಮಾ" ಎಂದು ಕೂಗಿದರು. ಕೆಲವು ಕಡೆ ಸುಮ್ಮನೆ ಕೇಳಿದರು. ಸಿರಿಮನೆಯ ಹತ್ತಿರದ ಒಂದು ಹೋಂಸ್ಟೇಯಲ್ಲಿ ಜಲಪಾತ ನೋಡಲು ಬಂದಿದ್ದ ಬೇರೆ ಊರಿನವರೊಬ್ಬರು ಅವಳ ಹಾಡು ಮುಗಿದ ಮೇಲೆ ಹತ್ತಿರ ಬಂದು, "ಇದು ಅಮೆರಿಕದ ಸೋಲ್ ಸಂಗೀತ ಅಲ್ವಾ? ಈ ಥರ ಗಿಟಾರ್ ತಡೆದು ತಡೆದು ಬಾರಿಸೋದಕ್ಕೆ ಫಂಕ್ ಅಂತಾರೆ. ಎಲ್ಲಿ ಕಲಿತಿರಿ?" ಎಂದು ಕೇಳಿದರು. ತಾನು ಇಷ್ಟು ವರ್ಷ ಹಾಡಿದ್ದಕ್ಕೆ ಒಂದು ಹೆಸರಿದೆಯೆಂದು ಅವಳಿಗೆ ತಿಳಿದದ್ದೇ ಆಗ. ಅಣ್ಣನಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಆರ್ಕೆಸ್ಟ್ರಾ ಬಿಟ್ಟಾಗಿನಿಂದ ಅವಳು ಲೈನು ಮನೆಗೆ ಹೋದರೂ ಅವನಿಲ್ಲದ ಹೊತ್ತು ನೋಡಿ ಹೋಗಿ ಬರುತ್ತಿದ್ದಳು.

ಎರಡು ಸಾವಿರದ ಐದರಲ್ಲಿ ಮಂಗಳೂರಿನ ಸ್ಟುಡಿಯೋದವರೊಬ್ಬರು ಅವಳ ಹಾಡುಗಳ ಸೀಡಿ ಮಾಡಿದರು. ಅಂಬಿಕಾ ಗಾಜಿನ ಕೋಣೆಯಲ್ಲಿ ನಿಂತು ಹಾಡಿ ಬಂದಳು. ತಾಳವನ್ನು ಅವರು ಆಮೇಲೆ ಮೆಷಿನ್ನಿನಿಂದ ಹಾಕಿದರು. ಆ ಮೆಷಿನ್ನು ಅವಳಿಗಾಗಿ ಎಲ್ಲೂ ನಿಲ್ಲುತ್ತಿರಲಿಲ್ಲ. ಒಂದು ದಿನ ನರಸಿಂಹರಾಜಪುರದಿಂದ ಮುತ್ತಿನಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಅವಳದೇ ದನಿ ಕೇಳಿಸಿತು. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಎದುರಿನ ಸೀಟಿನ ಮುದುಕ, "ಎಂತ ಹಾಡು ಮಾರಾಯ ಇದು, ಹೆಣ್ಣೋ ಗಂಡೋ?" ಎಂದ. ಕಂಡಕ್ಟರು ನಕ್ಕು ಹಾಡು ಬದಲಾಯಿಸಿದ. ಅವಳು ಇಳಿಯುವ ಊರು ಬರುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದಳು.

ಎರಡು ಸಾವಿರದ ಆರರ ಆಷಾಢದಲ್ಲಿ ಅಪ್ಪ ಜಟ್ಟಪ್ಪ ತೀರಿಕೊಂಡ. ಅಂಬಿಕಾ ಹೋದಾಗ ಅರುಣ ಮನೆಯ ಹಿಂದೆ ಸೌದೆ ಒಡೆಯುತ್ತಿದ್ದ. ಅವನು ಆರ್ಕೆಸ್ಟ್ರಾ ಬಿಟ್ಟು ತೋಟದ ಕೆಲಸಕ್ಕೆ ವಾಪಸು ಬಂದಿದ್ದಾನೆಂದು ಯಾರೋ ಹೇಳಿದ್ದರು. ಅವಳು ಹಿಂದಿನಿಂದ, "ಅಣ್ಣ" ಎಂದಳು. ಅವನು ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದಳು. ಅವನ ಕೊಡಲಿ ಮೇಲೆ ಹೋಗಿ ಕೆಳಗೆ ಬಂತು. ಅಪ್ಪ ಸತ್ತ ದಿನವೂ ಇವನಿಗೆ ಹಟವೇ ಎಂದು ಅವಳ ಎದೆ ಉರಿಯಿತು. ಒಳಗೆ ಹೋಗಿ ಅವ್ವನನ್ನು ತಬ್ಬಿಕೊಂಡು ಅತ್ತಳು.

ತಿಥಿ ಮುಗಿದ ಮಧ್ಯಾಹ್ನ ಅವಳು ಜಗಲಿಯಲ್ಲಿ ಕೂತಿದ್ದಳು. ಅರುಣನ ಮಗಳು ಅರ್ಪಿತಾ, ಆಗಿನ್ನೂ ಅಂಗನವಾಡಿಗೆ ಹೋಗುವ ಕೂಸು, ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಅಪ್ಪನನ್ನು ಸುತ್ತಿ ಬಳಸಿ ಅವನ ಮುಖದ ಎದುರಿಗೆ ಹೋಗಿ ನಿಂತು ಏನೋ ಕೇಳಿ ಬಂದಿತು.

"ಇಲ್ಲಿಂದಲೇ ಕೇಳಬಹುದಿತ್ತಲ್ಲ ಪುಟ್ಟಿ" ಎಂದಳು ಅಂಬಿಕಾ.

"ಹಿಂದಿನಿಂದ ಕರೆದ್ರೆ ಅಪ್ಪಂಗೆ ಕೇಳಲ್ಲ ಅತ್ತೆ. ಎದುರಿಗೇ ಹೋಗ್ಬೇಕು" ಎಂದಿತು ಮಗು, ಎಲ್ಲರ ಅಪ್ಪಂದಿರೂ ಹಾಗೆಯೇ ಎಂಬಂತೆ.

ಅಂಬಿಕಾ ಎದ್ದು ಅಡಿಗೆಮನೆಗೆ ಹೋದಳು. ಅತ್ತಿಗೆ ಲೋಲಾಕ್ಷಿ ಅನ್ನ ಬಸಿಯುತ್ತಿದ್ದಳು. ನಾದಿನಿಯ ಮುಖ ನೋಡಿದ್ದೇ ತಡ, ತಪ್ಪಲೆ ಕೆಳಗಿಟ್ಟಳು.

"ಗೊತ್ತಾಯ್ತಾ?"

"ಯಾವಾಗಿಂದ ಅತ್ತಿಗೆ?"

"ನೀನು ಆರ್ಕೆಸ್ಟ್ರಾ ಬಿಡೋದಕ್ಕೂ ಮೊದ್ಲೇ ಸ್ವಲ್ಪ ಸ್ವಲ್ಪ ಹೋಗ್ತಾ ಬಂತು. ಸೋರ್ತಿದ್ದ ಕಿವಿ, ಅದ್ರ ಮೇಲೆ ಆ ಸ್ಪೀಕರಿನ ಪಕ್ಕದಲ್ಲೇ ಕೂರೋದು. ಶಿವಮೊಗ್ಗಕ್ಕೆ ಹೋಗಿ ತೋರಿಸಿದ್ವಿ. ನರ ಹೋಗಿದೆ ಅಂದ್ರು ಡಾಕ್ಟ್ರು. ಕಿವಿಗೆ ಮಿಷನ್ ಹಾಕಿದ್ರೆ ಬರೀ ಗದ್ದಲ ಅಂತ ನಿಮ್ಮಣ್ಣ ತೆಗೆದಿಟ್ರು. ಯಾರಿಗೂ ಹೇಳ್ಬಾರ್ದು ಅಂತ ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಹಾಕಿಸ್ಕೊಂಡ್ರು."

ಸಿನಿಮಾ ಹಾಡುಗಳು ಅರುಣನಿಗೆ ಬಾಯಿಪಾಠವಾಗಿದ್ದವು. ಬೇಸ್ ಸ್ಪೀಕರು ಗುಡುಗಿದರೆ ಸ್ಟೇಜಿನ ಹಲಗೆ ಅವನ ಅಂಗಾಲಿಗೆ ತಾಳ ಹೇಳುತ್ತಿತ್ತು. ಹಾಗೆ ಮೂರು ವರ್ಷ ಯಾರಿಗೂ ತಿಳಿಯದಂತೆ ದೂಡಿದ. ಹೊಸ ಹಾಡುಗಳು ಬಂದಾಗ ಕಲಿಯಲಾಗದೆ ಸಿಕ್ಕಿಬಿದ್ದ. ಮಲ್ಲೇಶಪ್ಪ ಅವನನ್ನು ಕಳಿಸಲು ಮನಸ್ಸಾಗದೆ ಒಂದಷ್ಟು ದಿನ ಪೆಟ್ಟಿಗೆ ಹೊರುವ ಕೆಲಸಕ್ಕೆ ಇಟ್ಟುಕೊಂಡಿದ್ದ. ತನ್ನ ಡ್ರಮ್ಮಿನ ಮುಂದೆ ಬೇರೆಯವನು ಕೂರುವುದನ್ನು ನೋಡಲಾಗದೆ ಅರುಣ ತಾನಾಗಿಯೇ ಬಿಟ್ಟು ಬಂದಿದ್ದ.

ಅಂಬಿಕಾ ಅಂಗಳಕ್ಕೆ ಹೋಗಿ ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಯಾಕೆ ಹೇಳ್ಲಿಲ್ಲ ಅಣ್ಣ?"

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಕೈಯಲ್ಲಿದ್ದ ಬೂದಿಯನ್ನು ಮೆಲ್ಲಗೆ ತೊಳೆದುಕೊಂಡ.

"ಹೇಳಿದ್ರೆ ನೀನು ಹೋಗ್ತಿರಲಿಲ್ಲ" ಎಂದ. ಆಮೇಲೆ ತಾನೇ ತಿದ್ದಿಕೊಂಡು, "ಅದು ಈಗ ಹೇಳೋ ಮಾತು. ಆಗ ನಾಚಿಕೆ ಆಗಿತ್ತು ಅಂಬಿ, ಅಷ್ಟೇ. ಸಿನಿಮಾ ಹಾಡಾದ್ರೆ ಹೇಗೋ ನಡೀತದೆ. ನೀನು ಎಲ್ಲಿ ನಿಲ್ಲಿಸ್ತೀಯ ಅಂತ ಕಿವಿಗೇ ಗೊತ್ತಾಗ್ಬೇಕಲ್ಲ" ಎಂದ.

ಅವಳು ಅವನ ಮುಂದಿದ್ದ ಪಾತ್ರೆಯೊಂದನ್ನು ಎಳೆದುಕೊಂಡು ಉಜ್ಜತೊಡಗಿದಳು. ಅವನೇ ಮುಂದುವರಿಸಿದ.

"ನರಸಿಂಹರಾಜಪುರದಲ್ಲಿ ಹಾಡಿದ್ಯಲ್ಲ, ಬಸ್ ಸ್ಟ್ಯಾಂಡಿನ ಹತ್ರ? ಬಂದಿದ್ದೆ."

"ಕೇಳ್ಸಿತಾ?"

"ಎಂತದೂ ಇಲ್ಲ. ನಿನ್ನ ಬಲಗೈ ನೋಡ್ತಾ ನಿಂತಿದ್ದೆ. ಬುಟ್ಟಿ ಹಾಡಲ್ಲಿ ಓಡ್ತೀಯ ಮಾರಾಯ್ತಿ. ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ."

ಅಂಬಿಕಾ ಅತ್ತಳು. ಅಪ್ಪನಿಗೋಸ್ಕರ ಅಳುವುದು ಮುಗಿದಿರಲಿಲ್ಲ. ಇದೂ ಅದರೊಳಗೆ ಸೇರಿಕೊಂಡಿತು.

ಮಳೆ ಹಿಂದೆಗೆದ ಮೇಲೆ ಪ್ರತಿ ಭಾನುವಾರ ಅವಳು ಶೃಂಗೇರಿಯಿಂದ ಬರತೊಡಗಿದಳು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಮಲ್ಲೇಶಪ್ಪ ಕೊಟ್ಟ ಹಳೆಯ ಡ್ರಮ್ಮುಗಳನ್ನು ಹೂಡಿಕೊಂಡು, ಅಣ್ಣ ತಂಗಿ ಎದುರಾಬದುರು ಕೂತರು. ಬೆನ್ನಿಗೆ ಬೆನ್ನು ಕೊಡುವ ಕಾಲ ಮುಗಿದಿತ್ತು. ಅವನು ಅವಳ ಬಲಗೈಯಿಂದ ಕಣ್ಣು ಕೀಳುತ್ತಿರಲಿಲ್ಲ. ಅವಳು ತಂತಿ ತಡೆಯುವ ಮುಂಚೆ ಮೊಣಕೈ ಒಂದಿಷ್ಟು ಮೇಲೆತ್ತುವುದನ್ನು ರೂಢಿಮಾಡಿಕೊಂಡಳು. ತಿಂಗಳುಗಟ್ಟಲೆ ತಪ್ಪಿತು, ಸೇರಿತು, ಮತ್ತೆ ತಪ್ಪಿತು. ಕೊನೆಗೊಂದು ಭಾನುವಾರ ಹಾಡಿನ ಮೊದಲಿನಿಂದ ಕೊನೆಯವರೆಗೂ ಅವನ ಒಂದು ಪೆಟ್ಟೂ ಅತ್ತಿತ್ತ ಆಗಲಿಲ್ಲ. ಕಣದ ಬದಿಯಲ್ಲಿ ನಿಂತಿದ್ದ ಗುಡ್ಡಮ್ಮ ಎರಡೂ ಕೈ ಎತ್ತಿ, ಮಗನಿಗೆ ಕಾಣುವಂತೆ ಚಪ್ಪಾಳೆ ಹೊಡೆದಳು. ಅರುಣ ನಕ್ಕ. ಅವನು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತೆಂದು ಲೋಲಾಕ್ಷಿ ಆಮೇಲೆ ಹೇಳಿದಳು.

ಮರುವರ್ಷದ ಗಣೇಶ ಹಬ್ಬಕ್ಕೆ ಕೊಪ್ಪದ ಒಂದು ಯುವಕ ಸಂಘದವರು ಅವಳನ್ನು ಕರೆದರು. ಅಂಬಿಕಾ, "ಈ ಸಲ ನನ್ನ ಜತೆ ನಮ್ಮಣ್ಣ ಇರ್ತಾನೆ" ಎಂದಳು. ಅರುಣ ಮೊದಲು ಬೇಡವೆಂದ. ಹಬ್ಬ ಹತ್ತಿರ ಬಂದಾಗ ಇಸ್ತ್ರಿ ಮಾಡಿದ ನೀಲಿ ಅಂಗಿ ತಾನೇ ತೆಗೆದಿಟ್ಟುಕೊಂಡ.

ಕತ್ತಲಾಗುವ ಹೊತ್ತಿಗೆ ಶುರುವಾಯಿತು. ಶಾಮಿಯಾನದ ತುಂಬ ಜನ. ಮೊದಲನೆಯ ಹಾಡು ಚೆನ್ನಾಗಿ ಹೋಯಿತು. ಎರಡನೆಯದಕ್ಕೆ ಮುಂದಿನ ಸಾಲಿನ ಮಕ್ಕಳು ಎದ್ದು ಕುಣಿದವು. ಮೂರನೆಯದು ಬುಟ್ಟಿ ಹಾಡು. ಅರುಣ ಅವಳ ಕೈ ನೋಡುತ್ತ ಬಾರಿಸುತ್ತಿದ್ದ. ಅವಳು ಒಂದು ಕ್ಷಣವೂ ಓಡಲಿಲ್ಲ. ಅವಳ ದನಿ ಮೇಲೇರಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

ಮೈಕು ಸತ್ತಿತು, ಗಿಟಾರಿನ ಸ್ಪೀಕರು ಸತ್ತಿತು. ಎಲ್ಲಾ ಕಡೆ ಗವ್ವೆನ್ನುವ ಕತ್ತಲು. ಅಂಬಿಕಾ ನಿಲ್ಲಿಸಿದಳು. ಡ್ರಮ್ಮು ನಿಲ್ಲಲಿಲ್ಲ.

ಕಾಣದಿದ್ದ ಮೇಲೆ ಅವನಿಗೆ ಅವಳು ನಿಲ್ಲಿಸಿದ್ದು ತಿಳಿಯುವುದಾದರೂ ಹೇಗೆ? ತಂಗಿ ಹಾಡುತ್ತಲೇ ಇದ್ದಾಳೆ, ತಾನು ಬಿಟ್ಟರೆ ಅವಳ ಹಾಡು ಕೆಡುತ್ತದೆ ಎಂದುಕೊಂಡು ಅವನು ನೆನಪಿನಿಂದಲೇ ಬಾರಿಸಿದ. ಅವಳು ತಂತಿ ತಡೆಯಬೇಕಾದ ಜಾಗ ಬಂದಾಗ ನಿಲ್ಲಿಸಿ, ಪೆಟ್ಟು ಕೊಟ್ಟು, ಮತ್ತೆ ಹಿಡಿದ. ಜನ ಮೊದಲು ಇದೇನೋ ವಿಶೇಷವೆಂದು ಸಿಳ್ಳೆ ಹಾಕಿದರು. ಆಮೇಲೆ ಯಾರೋ, "ಸಾಕು ಬಿಡೋ, ಕರೆಂಟ್ ಹೋಗಿದೆ" ಎಂದು ಕೂಗಿದರು. ಇನ್ನೊಬ್ಬರು, "ಅವಂಗೆ ಕಿವಿ ಕೇಳಲ್ವಾ?" ಎಂದರು. ಹೇಳಿದವರಿಗೆ ಅದು ತಮಾಷೆಯ ಮಾತು. ನಗೆ ಶಾಮಿಯಾನದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಡಿತು.

ಅಂಬಿಕಾ ವಯರುಗಳನ್ನು ಎಡವುತ್ತ ತಡಕಾಡಿಕೊಂಡು ಹೋದಳು. ಮೊಣಕಾಲು ಡ್ರಮ್ಮಿಗೆ ತಾಗಿತು. ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ಕೋಲು ಗಾಳಿಯಲ್ಲೇ ನಿಂತಿತು. ಅವಳ ಹಿಡಿತದಲ್ಲೇ ಅವನಿಗೆ ಎಲ್ಲವೂ ತಿಳಿಯಿತು. ಯಾರೋ ಮೊಬೈಲಿನ ಬೆಳಕು ಬಿಟ್ಟಾಗ ಅವನು ಜನರ ತೆರೆದ ಬಾಯಿಗಳನ್ನು ನೋಡುತ್ತ ಕೂತಿದ್ದ.

ಕರೆಂಟು ಬಂತು. ಅಂಬಿಕಾ ಮೈಕಿನಲ್ಲಿ, "ಇವನು ನಮ್ಮಣ್ಣ. ಇವನಿಗೆ ಕಿವಿ ಕೇಳುವುದಿಲ್ಲ. ನಾನು ಹಾಡೋದು ಇವನಿಂದ ಕಲಿತದ್ದು" ಎಂದಳು. ನಗೆ ಗಕ್ಕನೆ ನಿಂತಿತು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಅರುಣ ಆಗಲೇ ಸ್ಟೇಜಿನ ಹಿಂದಿನ ಏಣಿ ಇಳಿಯುತ್ತಿದ್ದ. ಅವಳು ಏನು ಹೇಳಿದಳೆಂದು ಅವನು ನೋಡಲಿಲ್ಲ.

ಆಮೇಲೆ ಅವನು ಸ್ಟೇಜು ಹತ್ತಲಿಲ್ಲ. ಡ್ರಮ್ಮುಗಳನ್ನು ಮಲ್ಲೇಶಪ್ಪನಿಗೆ ವಾಪಸು ಮುಟ್ಟಿಸಿದ. ತೋಟದವರು ಕಾಫಿ ಹಣ್ಣಿನ ತಿರುಳು ಬಿಡಿಸುವ ಮೆಷಿನ್ನಿಗೆ ಅವನನ್ನು ಹಾಕಿದರು. ಬೇರೆಯವರು ಅದರ ಸದ್ದಿಗೆ ತಲೆ ಸಿಡಿಯುತ್ತದೆಂದು ಒಲ್ಲೆ ಎನ್ನುತ್ತಿದ್ದ ಕೆಲಸ ಅದು. ಅಂಬಿಕಾ ಹಾಡುವುದನ್ನು ಬಿಡಲಿಲ್ಲ. ಬೇರೆ ಡ್ರಮ್ಮಿನವರು ಕೆಲವರು ಬರುತ್ತೇನೆಂದರು. ಅವಳು ಒಪ್ಪಲಿಲ್ಲ. ಮೆಣಸೆಯ ಮದುವೆಮನೆಯಲ್ಲಿ, ಶೃಂಗೇರಿಯ ಕಾಲೇಜಿನಲ್ಲಿ, ಹೋಂಸ್ಟೇಗಳಲ್ಲಿ ಒಬ್ಬಳೇ ಹಾಡಿದಳು. ಮೊದಲಿನಂತೆ ಎಲ್ಲ ಜಾಗವನ್ನೂ ಕಾಲಿನಿಂದ ತುಂಬಿಸಲು ಹೋಗದೆ, ಕೆಲವು ಕಡೆ ಖಾಲಿಯಾಗಿಯೇ ಬಿಟ್ಟಳು. ಕೇಳುವವರು ಅಲ್ಲಿ ಉಸಿರು ಹಿಡಿಯುತ್ತಿದ್ದರು.

ಕೊಪ್ಪದ ಆ ಸಂಜೆಯಾದ ಮೇಲೂ ಒಂದೆರಡು ಸಲ ಅರುಣ ಅವಳ ಕಾರ್ಯಕ್ರಮಕ್ಕೆ ಬಂದು, ಕೈ ಕಾಣುವಂತೆ ಒಂದು ಬದಿಯಲ್ಲಿ ನಿಂತು ಹೋಗಿದ್ದ. ಆಮೇಲೆ ಅದೂ ನಿಂತಿತು. ಎರಡು ಸಾವಿರದ ಒಂಬತ್ತರಲ್ಲಿ ಒಂದು ಭಾನುವಾರ ಊಟಕ್ಕೆ ಕೂತಾಗ ಅಂಬಿಕಾ ಅವನ ಎದುರಿಗೆ ಬಂದು ಕೂತು, "ಬರೋದೇ ಬಿಟ್ಯಲ್ಲ ಅಣ್ಣ. ನನ್ನ ಮೇಲೆ ಬೇಜಾರಾ?" ಎಂದು ಕೇಳಿದಳು.

"ಇಲ್ಲ ಮಾರಾಯ್ತಿ, ನಿನ್ನ ಮೇಲೆ ಯಾಕೆ?" ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. "ನಿನ್ನ ಕೈ ನೋಡಿದ್ರೆ ನನ್ನ ಕೈ ಸುಮ್ನೆ ಕೂರಲ್ಲ. ಮನೆಗೆ ಬಂದ್ಮೇಲೆ ವಾರಗಟ್ಲೆ ಹಂಗೇ. ಮಗು ಪಕ್ಕದಲ್ಲಿ ಮಲಗಿದ್ರೆ ಅದ್ರ ಬೆನ್ನ ಮೇಲೇ ಬಡೀತಿರ್ತೀನಂತೆ. ಲೋಲಾಕ್ಷಿ ಕೈ ಹಿಡ್ಕೊಂಡು ನಿಲ್ಲಿಸ್ತಾಳೆ. ನಂಗೆ ಕಷ್ಟ ಆಗ್ತದೆ ಅಂಬಿ. ಕರೀಬೇಡ."

ಅಂಬಿಕಾ ಸರಿ ಎಂದು ತಲೆಯಾಡಿಸಿದಳು. ಲೋಲಾಕ್ಷಿ ಸಾರು ತಂದು ಇಬ್ಬರ ತಟ್ಟೆಗೂ ಬಡಿಸಿದಳು. ಆಮೇಲೆ ಅವರು ಅವ್ವನ ಮಂಡಿನೋವಿನ ವಿಷಯ ಮಾತಾಡಿದರು, ಅರ್ಪಿತಾಳನ್ನು ಮುಂದೆ ಯಾವ ಶಾಲೆಗೆ ಹಾಕುವುದೆಂದು ಮಾತಾಡಿದರು. ಮೂರು ಗಂಟೆಯ ಬಸ್ಸಿಗೆ ಅರುಣ ತಂಗಿಯನ್ನು ಹತ್ತಿಸಿ ಬಂದ. ಅಂದು ಸಂಜೆ ಕಿಗ್ಗದ ಹತ್ತಿರ ಅವಳದೊಂದು ಕಾರ್ಯಕ್ರಮವಿತ್ತು. ಅವನಿಗೆ ಅವಳು ಅದನ್ನು ಹೇಳಲಿಲ್ಲ.